ಖಾಲಿ ಕೊಳಕ್ಕೆ ಕಟ್ಟಿದ ಹಗ್ಗ

ನಿತಿನ ಬಾಗಿಲು ಬಡಿದಾಗ ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಆಟದ ಮಾಸ್ತರಾಗಿ ವರ್ಷಗಟ್ಟಲೆ ಸೀಟಿ ಊದಿ ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಒಂದೇ ಆಸೆ ಬೆಳಗಿನ ನಿದ್ದೆ. ಪಕ್ಕದ ಮನೆಯಲ್ಲಿ ತ್ರಿಶಲಾ ಮೇಡಂ ಇರುವವರೆಗೆ ಅದು ಕೈಗೂಡುವ ಮಾತಲ್ಲ. ಅವರು ಪೊಲೀಸ್ ಕೆಲಸ ಬಿಟ್ಟರೂ ಅಥಣಿಯ ಜನ ಅವರನ್ನು ಬಿಟ್ಟಿರಲಿಲ್ಲ. ಅವರಿಗೆ ಮೊಣಕಾಲು ನೋವಿತ್ತು, ನನ್ನ ಹತ್ತಿರ ಸ್ಕೂಟರ್ ಇತ್ತು. ನಮ್ಮ ಜೋಡಿ ಕೂಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

“ಇಬ್ರಾಹಿಮ ಸರ್, ಮೇಡಮ್ಮಾರನ್ನ ಲಗೂನ ಕರೀರಿ. ಕೊಳದಾಗ ನೀರಿಲ್ರಿ!” ಎಂದ ನಿತಿನ.

ನಿತಿನ ನನ್ನ ಹಳೆಯ ಶಿಷ್ಯ. ಸತ್ತಿ ರಸ್ತೆಯಲ್ಲಿ ಅಣ್ಣಾಸಾಬ ಕಟ್ಟಿಸಿದ್ದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಭಾನುವಾರ ಬೆಳಗಾವಿಯಲ್ಲಿ ದೊಡ್ಡ ಸ್ಪರ್ಧೆಯಿತ್ತು. ಅದಕ್ಕಾಗಿ ಮಕ್ಕಳನ್ನು ಮುಂಜಾನೆಯೂ ಸಂಜೆಯೂ ನೀರಿಗೆ ಇಳಿಸಿ ಅರೆಯುತ್ತಿದ್ದ. ಅವನ ಕಣ್ಣುಗಳೂ ಕೆಂಪಾಗಿ ಒಳಗೆ ಇಳಿದಿದ್ದವು.

“ಯಾರೋ ರಾತ್ರಿ ವಾಲ್ವ್ ತಗದು ನೀರ ಬಿಟ್ಟಾರ್ರಿ. ಅಣ್ಣಾಸಾಬರು ನಾನ ಮರತೀನಂತ ಅನ್ನಾಕತ್ತಾರ. ಯಾರ ಮಾಡ್ಯಾರಂತ ಇವತ್ತ ತೋರಸಲಿಲ್ಲಂದ್ರ ಕೀಲಿ ಕೊಟ್ಟು ಮನೀಗಿ ಹೋಗು ಅಂದಾರ. ಈ ಕೆಲಸ ಹೋದ್ರ ನಾ ಏನ್ ಮಾಡ್ಲಿ, ಸರ್?”

ನಾವು ತಲುಪಿದಾಗ ಬೆಳಕು ಹರಿದಿತ್ತು. ಕೊಳದ ತಳದಲ್ಲಿ ಪಾದ ಮುಳುಗುವಷ್ಟು ನೀರು, ಅದರಲ್ಲಿ ಒಂದು ಕಪ್ಪೆ. ಸುತ್ತಲಿನ ಬೆಂಚುಗಳ ಮೇಲೆ ಮಕ್ಕಳೂ ತಾಯಂದಿರೂ ಒಬ್ಬರ ಮೇಲೊಬ್ಬರು ಒರಗಿ ತೂಕಡಿಸುತ್ತಿದ್ದರು. ಅಳುವವರು ಒಬ್ಬರೂ ಕಾಣಲಿಲ್ಲ. ನನಗೆ ಅದೇ ವಿಚಿತ್ರವೆನಿಸಿತು.

ಅಣ್ಣಾಸಾಬ ಮಾತ್ರ ಎಚ್ಚರವಾಗಿದ್ದ, ಕೂಗುತ್ತಲೂ ಇದ್ದ. “ನನ್ನ ಮಗ ಕುಣಾಲ ಕತ್ತಲದಾಗ ಓಡಿ ಬಂದು ಜಿಗಿಯಾಂವ, ದಿನಾ ಹಂಗ. ಹಗ್ಗ ಹೊಟ್ಟಿಗಿ ತಡೀಲಿಲ್ಲಂದ್ರ ಇವತ್ತ ಹುಡುಗನ ತಲಿ ಎರಡ ಹೋಳ ಆಗ್ತಿತ್ತು!”

“ಯಾವ ಹಗ್ಗ?” ಎಂದರು ಮೇಡಂ.

ಮಕ್ಕಳು ಜಿಗಿಯುವ ಕಟ್ಟೆಗಳ ಮುಂದೆ ಹೊಟ್ಟೆಯ ಎತ್ತರಕ್ಕೆ ಒಂದು ನೈಲಾನ್ ಹಗ್ಗ ಬಿಗಿದಿತ್ತು. ಪಂಪಿನ ಕೋಣೆಯಲ್ಲಿ ಟವೆಲು ಒಣಹಾಕುವ ಹಗ್ಗ ಅದು. ಅದರ ತುದಿಗಳನ್ನು ಎರಡೂ ಬದಿಯ ಕಂಬಗಳಿಗೆ ಕಟ್ಟಿದ್ದರು.

“ನೀ ಕಟ್ಟಿದ್ಯಾ?” ಎಂದು ಮೇಡಂ ನಿತಿನನನ್ನು ಕೇಳಿದರು.

“ಇಲ್ರಿ. ನಾ ಬರೂದ್ರಾಗ ಇತ್ತು.”

ನಾನು ಬಿಚ್ಚಲು ಕೈ ಹಾಕಿದೆ. ಮೇಡಂ ನನ್ನ ಕೈಗೆ ಪಟ್ಟನೆ ಹೊಡೆದರು. ಗಂಟನ್ನು ಬಗ್ಗಿ ನೋಡಿದರು. ಎರಡು ಸಲ ಹೊಸೆದು, ಮೇಲೆ ಎರಡು ಕಿವಿ ಬಿಟ್ಟು, ಹೂವಿನ ಹಾಗೆ ಕಟ್ಟಿದ ಗಂಟು. “ಫೋಟೋ ತಗೀರಿ ಮಾಸ್ತರ, ನಿದ್ದಿ ಆಮ್ಯಾಲ ಮಾಡಕೋರಿ,” ಎಂದರು.

ಪಂಪಿನ ಕೋಣೆಯ ಕೀಲಿ ಹೊರಗಿನ ಕಲ್ಲಿನ ಕೆಳಗೇ ಇರುತ್ತದೆ, ಅದು ಪಾಲಕರಿಗೆಲ್ಲ ಗೊತ್ತು ಎಂದ ನಿತಿನ. ಅಷ್ಟರಲ್ಲಿ ಪಕ್ಕದ ಹೊಲದ ತವನಪ್ಪ ಬೇಲಿಯಾಚೆಯಿಂದ ಬೈಯತೊಡಗಿದ. ಕೊಳದ ನೀರೆಲ್ಲ ಅವನ ಹೊಲಕ್ಕೇ ನುಗ್ಗಿತ್ತು.

“ಇವನ ಬಿಟ್ಟಿರಬೇಕು. ನೀರಿನ ಆಸೆಗಿ!” ಎಂದು ಅಣ್ಣಾಸಾಬ ಬೆರಳು ತೋರಿಸಿದ.

“ಯಾಂವ ಬೇಕಂತಾನಲೇ ಈ ಔಷಧದ ನೀರ? ಮೊನ್ನಿ ಬಿತ್ತಿದ ಮೆಂತೇಪಲ್ಲೆ ಬೀಜ ಪೂರಾ ಕೊಚಗೊಂಡ ಹೋಗ್ಯಾವ!” ಎಂದ ತವನಪ್ಪ. ನಾನು ಬೇಲಿ ದಾಟಿ ನೋಡಿ ಬಂದೆ. ಮಡಿಗಳೆಲ್ಲ ಒಡೆದು ಬೀಜ ಬದುವಿಗೆ ಬಂದು ಬಿದ್ದಿತ್ತು. ಅವನ ಸಿಟ್ಟು ನ್ಯಾಯವಾಗಿತ್ತು.

ಮೇಡಂ ಗೇಟಿನ ಬಳಿಯ ಹಲಗೆಯನ್ನು ಓದುತ್ತಾ ನಿಂತಿದ್ದರು. ಪಾಲಕರಿಗೆಂದು ನಿತಿನ ಸೀಮೆಸುಣ್ಣದಿಂದ ಬರೆದಿದ್ದ ಸೂಚನೆಗಳು. ತಲೆಗೆ ಎಣ್ಣೆ ಹಚ್ಚಿ ಕಳಿಸಬೇಡಿ, ಟೊಪ್ಪಿಗೆ ಜಾರುತ್ತದೆ. ಹೊಸ ತಿಂಡಿ ಕೊಡಬೇಡಿ. ಸ್ಪರ್ಧೆ ಮುಗಿಯುವ ತನಕ ನೋವಿನ ಮಾತು ಎತ್ತಬೇಡಿ, ಮಕ್ಕಳ ಮನಸ್ಸು ಕುಗ್ಗುತ್ತದೆ.

“ಹುಡುಗ ಬರೋಬರಿ ಬರದಾನ,” ಎಂದೆ ಹೆಮ್ಮೆಯಿಂದ. ಮೇಡಂ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು.

ಚಹಾ ಬಂತು. ಶಾಲೆಗೆ ಹೊತ್ತಾಗುತ್ತಿತ್ತು. ಪುಟ್ಟ ಪುಟ್ಟ ಹುಡುಗಿಯರು ನನ್ನ ಸ್ಕೂಟರಿನ ಕನ್ನಡಿಗೆ ಮುತ್ತಿಕೊಂಡು ತಾವೇ ಜಡೆ ಹಾಕಿಕೊಳ್ಳುತ್ತಿದ್ದರು. ಒಂಬತ್ತನೇ ಇಯತ್ತೆಯ ಫರಹೀನ ಮಾತ್ರ ತಾಯಿ ಮಮತಾಜಳ ಮುಂದೆ ಕುಕ್ಕರಿಸಿ ಕುಳಿತು ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಈ ಕೊಳದ ಎಲ್ಲರಿಗಿಂತ ವೇಗದ ಈಜುಗಾತಿ, ಮನೆಯಲ್ಲಿ ಮುದ್ದಿನ ಕೂಸು ಎಂದುಕೊಂಡೆ. ಮಮತಾಜ ಮಾತ್ರ ಮುದ್ದು ಮಾಡುವ ಪೈಕಿ ಅಲ್ಲ. ನಮಗೆ ಸಲಾಂ ಹೇಳಲು ಮರೆತ ಕಿರಿಮಗನಿಗೆ ಆಗಲೇ ತಲೆಗೆ ಮೊಟಕಿದ್ದಳು.

ಮೇಡಂ ಚಹಾದ ಕಪ್ಪನ್ನು ಫರಹೀನಳ ತಲೆಯ ಮೇಲಿನಿಂದ ಚಾಚಿದರು. ಹುಡುಗಿ ಎಡಗೈ ಎತ್ತಿ ತೆಗೆದುಕೊಂಡಳು. ಮಮತಾಜ ಅದನ್ನು ಕಂಡು, ಮತ್ತೆ ರಿಬ್ಬನ್ನಿನ ಕಡೆಗೆ ಕಣ್ಣು ಇಳಿಸಿದಳು.

“ಎಲ್ಲಾರನೂ ಕೂಡಸ್ರಿ. ಫರಹೀನನ ಅಪ್ಪಗೂ ಫೋನ್ ಮಾಡ್ರಿ,” ಎಂದರು ಮೇಡಂ. ಧ್ವನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ಒಣದ್ರಾಕ್ಷಿ ವ್ಯಾಪಾರದ ಅಫ್ಜಲ ಅಂಗಡಿ ಬಿಟ್ಟು ಬಂದ. ಮಗಳು ಗೆಲ್ಲುವ ಮೊದಲೇ ಬಜಾರದಲ್ಲಿ ಪೇಢೆ ಹೇಳಿಟ್ಟಿದ್ದ ಮನುಷ್ಯ. ಮೇಡಂ ಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಮಾತು ಶುರು ಮಾಡಿದರು.

“ಅಣ್ಣಾಸಾಬ, ನಿತಿನ ವಾಲ್ವ್ ಮರತಿದ್ರ ಹಗ್ಗ ಕಟ್ಟತಿರಲಿಲ್ಲ. ನೀರ ಹೋಗೂದು ಗೊತ್ತಿದ್ದವರು ಮಾತ್ರ ಹಗ್ಗ ಕಟ್ಟತಾರ. ಅಂದ್ರ ಇದು ಮರವು ಅಲ್ಲ, ಬೇಕಂತ ಮಾಡಿದ್ದು.”

“ಹಂಗಾದ್ರ ಯಾರೋ ವೈರಿ!”

“ವೈರಿಗೆ ನಿನ್ನ ಮಗನ ತಲಿ ಕಾಳಜಿ ಯಾಕ? ಇಲ್ಲಿ ಮಕ್ಕಳು ಕತ್ತಲದಾಗ ಓಡಿ ಬಂದು ಜಿಗೀತಾರಂತ ಅವರಿಗೆ ಗೊತ್ತಿತ್ತು. ಒಂದು ಕೂಸಿಗೂ ಗಾಯ ಆಗಬಾರದಂತ ಅವರ ಮನಸ್ಸಿನಾಗ ಇತ್ತು. ತವನಪ್ಪ ತನ್ನ ಬೀಜ ತಾನ ತೊಳಕೊಳ್ಳೂದಿಲ್ಲ. ಅವನ ಬಿಟ್ರ ಉಳದವರು ದಿನಾ ಇಲ್ಲಿ ಬರೂ ಪಾಲಕರು. ನೀವೆಲ್ಲಾ ಯಾರಿಗಿ ಲುಕ್ಸಾನ ಅಂತ ಕೇಳಿದ್ರಿ. ನಾ ಇದರಿಂದ ಏನ್ ಸಿಗತೈತಿ ಅಂತ ನೋಡಿದೆ. ಈ ಬೋರಿನ ನೀರ ತುಂಬಾಕ ಭಾನುವಾರ ಬರತೈತಿ. ಅಲ್ಲೀತನ ಮಕ್ಕಳಿಗಿ ಸಿಗೂದು ಒಂದ. ವಿಶ್ರಾಂತಿ.”

ಮೇಡಂ ನನ್ನ ಮೊಬೈಲಿನ ಫೋಟೋ ತೋರಿಸಿದರು. “ಈ ಗಂಟ ನೋಡ್ರಿ. ರೈತ ದನಾ ಕಟ್ಟೂ ಗಂಟಲ್ಲ, ಗಂಡಸರು ಗೋಣಿಚೀಲ ಬಿಗಿಯೂ ಗಂಟಲ್ಲ. ಜಡಿಗಿ ರಿಬ್ಬನ್ ಕಟ್ಟೂ ಗಂಟು. ದಿನಾ ಕಟ್ಟಿ ಕೈಗಿ ರೂಢಿ ಬಿದ್ದಿದ್ದು, ಹಗ್ಗ ಸಿಕ್ರೂ ಅದ ಬರತೈತಿ. ಇಲ್ಲಿ ಸಣ್ಣ ಹುಡುಗೇರೂ ತಮ್ಮ ಜಡಿ ತಾವ ಹಾಕ್ಕೋತಾರ. ಒಬ್ಬಾಕಿ ದೊಡ್ಡ ಹುಡುಗಿಗಿ ಮಾತ್ರ ತಾಯಿ ಹಾಕತಾಳ. ಆ ಹುಡುಗಿ ಹಿರಿಯರ ಕೈಯಿಂದ ಎಡಗೈಲೆ ಚಾ ತಗೊಂಡ್ಲು. ಅಷ್ಟ ಶಿಸ್ತಿನ ತಾಯಿ ಕಂಡ್ರೂ ಬೈಲಿಲ್ಲ. ಯಾಕಂದ್ರ ಬಲಗೈ ಮ್ಯಾಲ ಏಳೂದಿಲ್ಲಂತ ಆಕಿಗಿ ಗೊತ್ತಿತ್ತು.”

ಮಮತಾಜ ಎದ್ದು ನಿಂತಳು.

“ನಾನ ಬಿಟ್ಟೀನ್ರಿ. ನಿತಿನ ಸರ್‌ದು ತಪ್ಪಿಲ್ಲ, ಅವರ ಕೆಲಸ ತಗೀಬ್ಯಾಡ್ರಿ.”

“ಹುಚ್ಚ ಹಿಡದೈತೇನ ನಿನಗ? ನನಗೊಂದ ಮಾತ ಹೇಳಾಕ ಆಗಲಿಲ್ಲಾ?” ಎಂದು ಅಫ್ಜಲ ಕೂಗಿದ.

“ಆಕಿ ಭುಜ ನೋಯತೈತಂತ ಹೇಳೀನ್ರಿ. ಭಾನುವಾರ ಮುಗೀಲಿ ಅಂದ್ರಿ. ಸರ್‌ಗೂ ಹೇಳಬೇಕಂತ ಬಂದೆ, ಆ ಹಲಗಿ ಓದಿ ಹೊಳ್ಳಿ ಹೋದೆ. ಹುಡುಗಿ ರಾತ್ರಿ ಹೊರಳಾಕ ಆಗದ ಅಳತಾಳ. ಮುಂಜಾನೆ ಎಬ್ಬಸಾಕ ಹೋದ್ರ, ಅಮ್ಮಿ ಇವತ್ತೊಂದಿನ ಬ್ಯಾಡ ಅಂತಾಳ. ದಿನಾ ಹಂಗ ಅಂತಾಳ. ನನಗೂ ಸಾಕಾಗಿತ್ರಿ.”

ನಿತಿನ ಫರಹೀನಳ ಮುಂದೆ ಕುಳಿತ. “ಕೈ ಎತ್ತು, ಬೇಟಾ.”

ಅವಳು ಎತ್ತಿದಳು. ಭುಜದ ಮಟ್ಟಕ್ಕೆ ಬಂದ ಬಲಗೈ ಅಲ್ಲೇ ನಿಂತುಬಿಟ್ಟಿತು. ಹುಡುಗಿ ತಪ್ಪು ಮಾಡಿದವಳಂತೆ ಅಪ್ಪನನ್ನು ನೋಡಿದಳು.

ನಿತಿನ ಎದ್ದು, ಒದ್ದೆ ಟವೆಲಿನಿಂದ ಹಲಗೆಯ ಕೊನೆಯ ಸಾಲನ್ನು ಒರೆಸಿ ಹಾಕಿದ. ಆಮೇಲೆ ಕೀಲಿ ತಂದು ಅಣ್ಣಾಸಾಬನ ಮುಂದೆ ಹಿಡಿದ. ಅಣ್ಣಾಸಾಬ ಮಗನ ಹೊಟ್ಟೆಯ ಮೇಲೆ ಹಗ್ಗ ಮೂಡಿಸಿದ್ದ ಕೆಂಪು ಗೆರೆಯನ್ನು ನೋಡುತ್ತಿದ್ದ. “ನಿನ್ನ ಹತ್ರನ ಇಟಗೋ,” ಎಂದ. “ಬೋರ್ ಚಾಲೂ ಮಾಡು. ತವನಪ್ಪಗ ಬೀಜ ನಾ ಕೊಡಸ್ತೀನಿ.”

ಭಾನುವಾರ ಮೇಡಂ ನನ್ನನ್ನು ಬೆಳಗಾವಿಗೂ ಎಳೆದೊಯ್ದರು. ನಿದ್ದೆ ಮಾಡಿ ಬಂದಿದ್ದ ಮಕ್ಕಳು ಎಂದಿಗಿಂತ ಚೆನ್ನಾಗಿ ಈಜಿದರು, ಅದನ್ನು ನಿತಿನನೇ ನಂಬಲಿಲ್ಲ. ಮಕ್ಕಳನ್ನು ಹುರಿದುಂಬಿಸಲೆಂದು ಬಂದಿದ್ದ ಫರಹೀನ, ಬಲಗೈಯನ್ನು ಕುತ್ತಿಗೆಗೆ ಕಟ್ಟಿದ ಜೋಳಿಗೆ ಪಟ್ಟಿಯಲ್ಲಿ ಇಟ್ಟುಕೊಂಡು, ಅಪ್ಪನ ತೊಡೆಯ ಮೇಲೆ ಮಲಗಿಬಿಟ್ಟಿದ್ದಳು. ಅವಳು ಈಜಬೇಕಿದ್ದ ಸರದಿ ಬಂತು. ಯಾರೋ ಪಟ್ಟಿಯಿಂದ ಅವಳ ಹೆಸರು ತೆಗೆಯಲು ಮರೆತಿದ್ದರು. ಧ್ವನಿವರ್ಧಕದಲ್ಲಿ “ಫರಹೀನ, ಅಥಣಿ” ಎಂದು ಕೂಗಿದರು, ಮತ್ತೆ ಕೂಗಿದರು.

ಅಫ್ಜಲನ ಬೆನ್ನು ನೆಟ್ಟಗಾಯಿತು. ಇನ್ನೇನು ಎದ್ದು ನಿಲ್ಲುತ್ತಾನೆ ಅಂದುಕೊಂಡೆ. ಅವನು ಮಗಳ ಕಿವಿಯ ಮೇಲೆ ಮೆಲ್ಲಗೆ ಅಂಗೈ ಮುಚ್ಚಿ, ಅವಳಿಗೆ ಎಚ್ಚರವಾಗದಂತೆ ಹಾಗೆಯೇ ಕುಳಿತ.