ಗಿಣಿಯ ಕೊಕ್ಕಿಗೆ ಬಿದ್ದ ಪೆಟ್ಟು

ನಮ್ಮ ದೊಡ್ಡಮ್ಮ ಬೆಳಗಿನ ಕಾಫಿ ಕುಡಿಯುವಾಗ ಎದುರಿಗೆ ಯಾರೂ ಅಳಕೂಡದು ಎಂಬುದು ಮನೆಯ ಕಾನೂನು. ಆದರೆ ಆ ದಿನ ಬಾಗಿಲು ತಟ್ಟಿದ ಹೆಣ್ಣುಮಗಳಿಗೆ ಅದು ಹೇಗೆ ಗೊತ್ತಾಗಬೇಕು? ಕುರ್ಚಿಯ ತುದಿಯಲ್ಲಿ ಕೂತವಳೇ, "ಮೇಡಂ, ನಾನು ಮಾಡಿಲ್ಲ. ನೀವಾದ್ರೂ ನಂಬ್ತೀರಾ?" ಎಂದು ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಲೋಟ ಕೆಳಗಿಟ್ಟರು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ವಿಮಾ ಕಂಪನಿಯೊಂದರಲ್ಲಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಜಜ್ಜಿದ ಬಾನೆಟ್ ನೋಡಿ, ಓಡಿಸಿದವನ ಸುಳ್ಳು ಹಿಡಿಯುತ್ತಿದ್ದರು. ನಿವೃತ್ತಿಯಾದ ಮೇಲೂ ಜನ ತಮ್ಮ ತಮ್ಮ ಮನೆಯ ಸುಳ್ಳುಗಳನ್ನು ತಂದು ಅವರಿಗೆ ಒಪ್ಪಿಸುತ್ತಿದ್ದರು. ನಾನು ದಂತವೈದ್ಯ, ಅವರದೇ ಮನೆಯ ಮಹಡಿಯಲ್ಲಿ ವಾಸ. ಈ ಪತ್ತೇದಾರಿಯಲ್ಲಿ ನನ್ನ ಪಾಲಿನ ಕೆಲಸ ಕಾರು ಓಡಿಸುವುದು, ಚೀಲ ಹಿಡಿಯುವುದು ಮತ್ತು ತಪ್ಪು ಊಹೆ ಮಾಡುವುದು. ಊಹೆಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಬಂದವಳು ಊರಾಚೆ ಹಳೆಯ ರೇಸ್ ಕಾರುಗಳನ್ನು ಸಂಗ್ರಹಿಸಿಟ್ಟಿದ್ದ ಯಜಮಾನರ ಕಿರಿಮಗಳು. ಯಜಮಾನರು ಒಂದು ಕಾಲದಲ್ಲಿ ರೇಸ್ ಓಡಿಸಿ ಹೆಸರು ಮಾಡಿದವರು. ಹೋದ ವರ್ಷ ತಲೆಸುತ್ತಿ ಬಿದ್ದ ಮೇಲೆ ಡಾಕ್ಟರು ಸ್ಟಿಯರಿಂಗ್ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಶೆಡ್ಡಿನ ಉಸ್ತುವಾರಿ ಮಗಳದು. ಮುಂದೆ ಎಲ್ಲವೂ ಅವಳಿಗೇ ಎಂದು ಅಪ್ಪ ಬಾಯಿತುಂಬ ಹೇಳುತ್ತಿದ್ದರು. ಅಪ್ಪನಿಗೆ ದೊಡ್ಡ ಗೆಲುವು ತಂದುಕೊಟ್ಟ ಒಂಟಿ ಸೀಟಿನ ಹಸಿರು ಕಾರನ್ನು ಬರಲಿರುವ ಹಳೆ ಕಾರುಗಳ ಮೆರವಣಿಗೆಯಲ್ಲಿ ಅವಳೇ ಓಡಿಸಬೇಕಿತ್ತು. ಆ ಕಾರಿಗೆ ಮನೆಯವರೆಲ್ಲ ಗಿಣಿ ಎನ್ನುತ್ತಿದ್ದರು, ಅದರ ಚೂಪು ಮೂತಿಗೆ ಕೊಕ್ಕು.

"ಮೊನ್ನೆ ಬೆಳಗ್ಗೆ ಅಂಗಳದ ನೀರಿನ ತೊಟ್ಟಿಗೆ ಗಿಣಿ ಮುಖ ಜಜ್ಜಿಕೊಂಡು ನಿಂತಿತ್ತು. ನಾನು ಸದ್ದು ಕೇಳಿ ಓಡಿಬಂದೆ, ಕಾರಲ್ಲಿ ಯಾರೂ ಇರಲಿಲ್ಲ. ನೋಡೋಣ ಅಂತ ಸ್ಟಿಯರಿಂಗ್ ಮೇಲೆ ಕೈಯಿಟ್ಟೆ, ಅಷ್ಟರಲ್ಲಿ ಭಾವ ಬಂದ್ರು. ಅವರು ನೋಡಿದ್ದು ಅಷ್ಟೇ. ನಾನೇ ಗುದ್ದಿಸಿದೆ ಅಂತ ತೀರ್ಮಾನ ಆಗೋಯ್ತು."

"ಅಪ್ಪ ಏನಂದ್ರು?"

"ಅದೇ ಮೇಡಂ. ಒಂದು ಮಾತೂ ಆಡಲಿಲ್ಲ. ಬೈದಿದ್ರೂ ಸಹಿಸ್ಕೊಳ್ತಿದ್ದೆ. ಇವತ್ತು ಸಂಜೆ ಎಲ್ಲಾ ಕಾರುಗಳನ್ನೂ ಒಂದು ಮ್ಯೂಸಿಯಮ್ಮಿಗೆ ಬರೆದುಕೊಡ್ತಾರಂತೆ. ಅವರು ಇಂಜಿನ್ ಎಣ್ಣೆ ಬಸಿದು ಗಾಜಿನೊಳಗೆ ಇಡ್ತಾರೆ. ಇನ್ಯಾವತ್ತೂ ಒಂದೂ ಓಡಲ್ಲ."

ಮೂವರೂ ನನ್ನ ಕಾರಿನಲ್ಲಿ ಅವಳ ಮನೆಗೆ ಹೋದೆವು. ಶೆಡ್ಡಿನ ಗೋಡೆಯುದ್ದಕ್ಕೂ ಕಾರುಗಳು ನಿಂತಿದ್ದವು. ಒಂದೊಂದರ ಕೆಳಗೂ ತೊಟ್ಟಿಕ್ಕುವ ಎಣ್ಣೆ ಹಿಡಿಯಲು ತಗಡಿನ ತಟ್ಟೆ. ಶೆಡ್ಡಿನ ಬಾಗಿಲಿಂದ ಅಂಗಳದವರೆಗೆ ನೆಲ ಇಳಿಜಾರು. ಅದರ ಕೊನೆಯಲ್ಲಿ ಸಿಮೆಂಟಿನ ತೊಟ್ಟಿ. ಕಾರನ್ನು ಇಳಿಜಾರಿಗೆ ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ತಾನೇ ಹತ್ತಿಕೊಳ್ಳುತ್ತದೆ, ಇನ್ನೊಬ್ಬರು ತಳ್ಳಬೇಕಾಗಿಲ್ಲ ಎಂದು ಅಲ್ಲಿನ ಮೆಕ್ಯಾನಿಕ್ ವಿವರಿಸಿದ. ರೇಸಿನ ದಿನಗಳಿಂದಲೂ ಯಜಮಾನರ ಜೊತೆಗಿದ್ದವನು.

"ಇಂಜಿನ್ ಸದ್ದಿಗೆ ಯಾರೂ ಎದ್ದು ಬರಲಿಲ್ವಾ?" ದೊಡ್ಡಮ್ಮ ಕೇಳಿದರು.

"ದಿನಾ ಬೆಳಗ್ಗೆ ನಾನು ಒಂದೊಂದೇ ಕಾರು ಸ್ಟಾರ್ಟ್ ಮಾಡ್ತೀನಲ್ಲಮ್ಮ, ನಾನೇ ಅನ್ಕೊಂಡಿರ್ತಾರೆ. ಅವತ್ತು ನಾನು ರಬ್ಬರ್ ಪೈಪ್ ತರೋಕೆ ಪೇಟೆಗೆ ಹೋಗಿದ್ದೆ."

ಹಿರಿಯ ಅಳಿಯ ಯಾರೂ ಕೇಳುವ ಮೊದಲೇ ಮಾತಿಗೆ ಬಂದ. "ಇದರಲ್ಲಿ ಪತ್ತೆ ಮಾಡೋದೇನಿದೆ ಮೇಡಂ? ನಮ್ಮ ಕಾರುಗಳಲ್ಲಿ ಬಲಗಡೆ ಆಕ್ಸಿಲರೇಟರ್, ನಡುವೆ ಬ್ರೇಕ್. ಇಂಥ ಹಳೇ ರೇಸ್ ಕಾರಲ್ಲಿ ತಿರುಗುಮುರುಗು. ನಡುವೆ ಆಕ್ಸಿಲರೇಟರ್, ಬಲಗಡೆ ಬ್ರೇಕ್. ಪಾಪ, ನಾದಿನಿಗೆ ಇನ್ನೂ ರೂಢಿಯಾಗಿಲ್ಲ. ಬ್ರೇಕ್ ಅಂತ ನಡುವಿನದನ್ನು ಒತ್ತಿದ್ದಾಳೆ, ಕಾರು ನೆಗೆದಿದೆ."

ಅವನ 'ಪಾಪ'ದಲ್ಲಿ ಪಾಪವೇನೂ ಇರಲಿಲ್ಲ. ಕಾರುಗಳು ಮ್ಯೂಸಿಯಮ್ಮಿಗೆ ಹೋದರೆ ಶೆಡ್ಡಿನ ಜಾಗದಲ್ಲಿ ಮನೆ ಕಟ್ಟಬಹುದೆಂಬ ಆಸೆ ಅವನದು, ಇದನ್ನು ಮಗಳು ದಾರಿಯಲ್ಲೇ ಹೇಳಿದ್ದಳು. ಗುದ್ದಿಸಿದವನು ಇವನೇ ಎಂಬ ನನ್ನ ಊಹೆ ಅಲ್ಲೇ ಸಿದ್ಧವಾಯಿತು. ಆದರೆ ಅವಳು ಅವನಿಗೆ ಉತ್ತರ ಕೊಡದೆ ನೆಲ ನೋಡುತ್ತಿದ್ದುದು ನನಗೆ ಹಿಡಿಸಲಿಲ್ಲ. ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ಬೇರೆ ಕಡೆ ತಿರುಗಿದ.

ತೊಟ್ಟಿಯ ಮುಂದೆ ನೆಲದ ಮೇಲೆ ಕಪ್ಪು ಗುರುತುಗಳಿದ್ದವು. "ಬ್ರೇಕ್ ಹಾಕಿ ಜಾರಿದ್ದಲ್ಲ ಇದು, ಹಿಂದಿನ ಚಕ್ರ ನಿಂತಲ್ಲೇ ಸುತ್ತಿದ್ದು. ಅಳಿಯಂದಿರು ಹೇಳಿದ ಹಾಗೆ ಆಕ್ಸಿಲರೇಟರೇ ಒತ್ತಿದ್ದಾರೆ," ಎಂದರು ದೊಡ್ಡಮ್ಮ. ಅಳಿಯ ಬೀಗಿದ. ಆಮೇಲೆ ದೊಡ್ಡಮ್ಮ ನನ್ನ ಕೈಗೆ ಟಾರ್ಚ್ ಕೊಟ್ಟು, ಶೆಡ್ಡಿಗೆ ತಂದು ನಿಲ್ಲಿಸಿದ್ದ ಗಿಣಿಯೊಳಗೆ ತಲೆ ತೂರಿಸಲು ಹೇಳಿದರು. ಪೆಡಲುಗಳಿಂದ ಹೊರಟ ಸಲಾಕೆಗಳ ಮೇಲೆ ಹಳೆಯ ಗ್ರೀಸು ಕಪ್ಪುಗಟ್ಟಿತ್ತು. ಒಂದೆರಡು ನಟ್ಟು ಮಾತ್ರ ಹೊಸದಾಗಿ ಥಳಥಳ ಎನ್ನುತ್ತಿದ್ದವು. ಕಂಡದ್ದನ್ನು ಹೇಳಿದೆ. ದೊಡ್ಡಮ್ಮ "ಹ್ಞೂಂ" ಎಂದರು. ಆ ಹ್ಞೂಂಕಾರಕ್ಕೆ ಅರ್ಥ ಕೇಳಿದರೆ ಬೈಗುಳ ಗ್ಯಾರಂಟಿ.

ಚಹಾದ ಹೊತ್ತಿಗೆ ಯಜಮಾನರು ಬಂದರು. ಎತ್ತರದ ಆಳು, ಮುಖದಲ್ಲಿ ಮಾತ್ರ ಕಳೆಯಿಲ್ಲ. ಕಿಟಕಿಯಾಚೆ ನಿಂತ ನನ್ನ ಪುಟ್ಟ ಕಾರನ್ನು ನೋಡಿ ಸೌಜನ್ಯಕ್ಕೆ ನಕ್ಕರು.

"ಇಂಥವನ್ನ ನಾನು ಯಾವತ್ತೂ ಓಡಿಸಿಲ್ಲ ಡಾಕ್ಟ್ರೇ. ಪೇಟೆಗೆ ಹೋದ್ರೆ ಹಿಂದಿನ ಸೀಟಲ್ಲಿ ಕೂತ್ಕೋತೀನಿ. ನನ್ನ ಕಾಲಿಗೆ ಗೊತ್ತಿರೋದು ಶೆಡ್ಡಲ್ಲಿರೋವೇ. ಗೊತ್ತಿದ್ದಿದ್ದು ಅನ್ನಬೇಕು."

ಅವರು ಚಹಾ ಪೂರ್ತಿ ಆರುವವರೆಗೂ ಮುಟ್ಟಲಿಲ್ಲ. ಬಿಸ್ಕತ್ತನ್ನು ಅದ್ದಿ ಎಡದವಡೆಯಲ್ಲೇ ಅಗಿದರು. ನನ್ನ ಕಸುಬು ಸುಮ್ಮನಿರಲು ಬಿಡುತ್ತದೆಯೇ? "ಮುಂದಿನ ಹಲ್ಲೊಂದು ಚಕ್ಕೆ ಎದ್ದಿದೆ ಸರ್, ಹೊಸದಾಗಿ. ಒಮ್ಮೆ ಕ್ಲಿನಿಕ್ಕಿಗೆ ಬನ್ನಿ," ಎಂದೆ. "ವಯಸ್ಸಾಯ್ತಲ್ಲ, ಒಂದೊಂದೇ ಕಳಚಿಕೊಳ್ತಿದೆ," ಎಂದು ತುಟಿ ಮುಚ್ಚಿಕೊಂಡರು.

ದೊಡ್ಡಮ್ಮ ನನ್ನನ್ನು ಹೊರಗೆ ಕರೆದು ನನ್ನದೇ ಕಾರಿನಲ್ಲಿ ಕೂರಿಸಿದರು. "ಕಣ್ಣು ಮುಚ್ಚು. ಬ್ರೇಕ್ ಒತ್ತು. ಈಗ ಹೇಳು, ಯಾವುದು ಒತ್ತಬೇಕು ಅಂತ ಯೋಚನೆ ಮಾಡಿದ್ಯಾ?"

"ಯೋಚನೆ ಏನು ಬಂತು? ಕಾಲು ತಾನೇ ಹೋಯ್ತು."

"ಒಂದು ಸಲವಾದ್ರೂ ಉಪಯೋಗಕ್ಕೆ ಬಂದೆಯಲ್ಲ," ಎಂದು ಇಳಿದು, ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋದರು.

ಸಂಜೆ ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ಗಿಣಿಯ ಪಕ್ಕದ ಮೇಜಿನ ಮೇಲೆ ಮ್ಯೂಸಿಯಮ್ಮಿನ ಕಾಗದ ಸಹಿಗಾಗಿ ಕಾದಿತ್ತು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಶುರು ಮಾಡಿದರು.

"ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದ್ದಾರೆ. ಅಷ್ಟರಮಟ್ಟಿಗೆ ಅಳಿಯಂದಿರ ಮಾತು ಸರಿ. ಈ ಕಾರು ಗೊತ್ತಿಲ್ಲದೋರು ತಾನೇ ಹಂಗೆ ಮಾಡೋದು ಅಂತ ನಾನೂ ಅಂದುಕೊಂಡೆ. ಆದ್ರೆ ಒಳಗೆ ನೋಡಿದ್ರೆ ನಟ್ಟು ಹೊಸದು." ಮೆಕ್ಯಾನಿಕ್ ಕಡೆ ತಿರುಗಿದರು. "ಹೇಳಪ್ಪ."

ಅವನು ಯಜಮಾನರ ಮುಖ ನೋಡಲಾರದೆ ಹೇಳಿದ. "ಪೆಡಲ್ ಬದಲಾಯಿಸಿದೀನಿ. ಈಗ ಎಲ್ಲಾ ಕಾರಿನ ಹಂಗೇ ಇದೆ. ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು."

ಯಜಮಾನರು ತಟ್ಟನೆ ತಲೆಯೆತ್ತಿದರು.

"ನಾನೇ ಮಾಡಿಸಿದ್ದು," ಎಂದಳು ಮಗಳು. "ಮೆರವಣಿಗೇಲಿ ಜನ ಅಡ್ಡ ಬಂದ್ರೆ ನನ್ನ ಕಾಲು ನಡುವಿನ ಪೆಡಲಿಗೇ ಹೋಗುತ್ತೆ, ಎಷ್ಟು ಕಲಿತರೂ ಹೋಗುತ್ತೆ. ಭಯ ಆಯ್ತು. ಗಿಣಿಯ ಒಂದು ಮೊಳೆ ಬದಲಾದ್ರೂ ಅಪ್ಪನಿಗೆ ಸಂಕಟ. ಅದಕ್ಕೇ ಹೇಳಲಿಲ್ಲ. ಮೆರವಣಿಗೆ ಮುಗಿದ ಮೇಲೆ ಮೊದಲಿನ ಹಾಗೇ ಮಾಡಿಸೋಣ ಅಂತಿದ್ದೆ. ಮೊನ್ನೆ ಬಾಯಿ ಬಿಟ್ಟಿದ್ರೆ, ನನ್ನ ಮಾತು ಕೇಳಿ ಮಾಡಿಕೊಟ್ಟ ಇವರ ಹೆಸರೂ ಬರ್ತಿತ್ತು."

"ಈಗ ಲೆಕ್ಕ ಉಲ್ಟಾ ಆಯ್ತು ನೋಡಿ," ಎಂದರು ದೊಡ್ಡಮ್ಮ. "ರಸ್ತೆ ಕಾರು ಓಡಿಸೋ ಯಾರೇ ಕೂತಿದ್ರೂ ಮೊನ್ನೆ ಈ ಕಾರು ನೆಟ್ಟಗೆ ನಿಲ್ತಿತ್ತು. ಮಗಳು ಕೂತಿದ್ರೂ, ಅಳಿಯಂದಿರು ಕೂತಿದ್ರೂ, ಕೊನೆಗೆ ನಮ್ಮ ಹಲ್ಲಿನ ಡಾಕ್ಟ್ರು ಕೂತಿದ್ರೂ."

ಆ 'ಕೊನೆಗೆ' ಎಂಬ ಮಾತು ಬೇಕಿರಲಿಲ್ಲ.

"ಗುದ್ದೋದು ಯಾರ ಕಾಲು? ಬಲಗಡೆ ಬ್ರೇಕ್ ಇದೆ ಅಂತ ಮೈಯಲ್ಲೇ ಇಳಿದುಹೋಗಿರೋ ಕಾಲು. ಅಂಥೋರು ಇಲ್ಲಿ ಇಬ್ಬರೇ. ಒಬ್ಬರು ಮೆಕ್ಯಾನಿಕ್. ಪೆಡಲ್ ಬದಲಾಯಿಸಿದ ಕೈ ಅವರದೇ, ಮರೆಯೋ ಮಾತಿಲ್ಲ. ಅವತ್ತು ಇಲ್ಲಿರಲೂ ಇಲ್ಲ. ಇಳಿಜಾರಲ್ಲಿ ಕಾರು ತಾನೇ ಉರುಳುತ್ತೆ, ಆಕ್ಸಿಲರೇಟರ್ ಬೇಕಾಗಲ್ಲ. ಮೊದಲು ಬೇಕಾಗೋದೇ ಬ್ರೇಕ್. ತೊಟ್ಟಿ ಹತ್ರ ಬಂತು, ಬಲಗಾಲು ರೂಢಿಯ ಪ್ರಕಾರ ಬಲಕ್ಕೆ ಹೋಯ್ತು. ಗುದ್ದಿದ ರಭಸಕ್ಕೆ ಬಾಯಿ ಸ್ಟಿಯರಿಂಗಿಗೆ ತಾಗಿ ಹಲ್ಲು ಚಕ್ಕೆ ಎದ್ದಿರಬೇಕು." ಅಲ್ಲಿಗೆ ನಿಲ್ಲಿಸಿದರು. ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ.

 ಅಳಿಯ ಮಾವನ ತುಟಿಯನ್ನೇ ದಿಟ್ಟಿಸಿದ.

ಯಜಮಾನರು ಎದ್ದು ಗಿಣಿಯ ಬಳಿ ಬಂದರು. ಬಗ್ಗಲು ಕಷ್ಟವಾದರೂ ಬಗ್ಗಿ, ಒಳಗೆ ಕೈ ಚಾಚಿ ಪೆಡಲನ್ನು ಒತ್ತಿ ನೋಡಿದರು. ಆಮೇಲೆ ಪಕ್ಕದ್ದನ್ನು.

"ನಾನೇ ಕಣಮ್ಮ," ಎಂದರು ಮಗಳಿಗೆ. "ನೀನು ಮೆರವಣಿಗೇಲಿ ಓಡಿಸೋಕೆ ಮುಂಚೆ ಒಂದೇ ಒಂದು ಸಲ ಕೂರೋಣ ಅನ್ನಿಸ್ತು. ಗುದ್ದಿದ ಮೇಲೆ, ನೀನು ಬರೋಷ್ಟರಲ್ಲಿ ಹಿಂಬಾಗಿಲಿಂದ ಒಳಗೆ ಹೋಗಿ ಮಲಗಿಬಿಟ್ಟೆ."

"ಭಾವ ನನ್ನನ್ನ ಅಷ್ಟು ಅಂತಿದ್ರೂ ಸುಮ್ಮನೆ ಕೂತಿದ್ದೆಯಲ್ಲಪ್ಪ. ನನ್ನ ಮುಖ ನೋಡಿಯೂ."

"ಸುಮ್ಮನಿದ್ದಿದ್ದು ಕಾರು ಜಜ್ಜಿದ್ದಕ್ಕಲ್ಲ. ಡಾಕ್ಟ್ರ ಮಾತು ಮೀರಿದೆ ಅಂತಾನೂ ಅಲ್ಲ." ಅವರು ಮತ್ತೆ ಪೆಡಲುಗಳ ಕಡೆ ನೋಡಿದರು. "ನಾನು ಒತ್ತಿದ್ದು ಬ್ರೇಕು. ಖಂಡಿತ ಬ್ರೇಕೇ. ಕಾರು ಮುಂದಕ್ಕೆ ನೆಗೀತು. ಇಷ್ಟು ವರ್ಷ ನಿದ್ದೇಲಿ ಕೇಳಿದ್ರೂ ಹೇಳ್ತಿದ್ದ ಪೆಡಲು ನನಗೇ ಮರೆತುಹೋಯ್ತು ಅಂದ್ಕೊಂಡೆ. ನಮ್ಮಪ್ಪ ಕೊನೆಗಾಲದಲ್ಲಿ ನನ್ನನ್ನೇ ಯಾರಪ್ಪ ನೀನು ಅಂತ ಕೇಳ್ತಿದ್ದ. ನನಗೂ ಶುರುವಾಯ್ತು, ನಾಳೆ ನಿನ್ನ ಹೆಸರೂ ಮರೆತೀನಿ ಅಂತ ಹೆದರಿ ಬಾಯಿ ಕಟ್ಟಿಹೋಯ್ತು. ಬುದ್ಧಿ ನೆಟ್ಟಗಿರೋವಾಗಲೇ ಎಲ್ಲಾ ಬರೆದುಕೊಟ್ಟುಬಿಡೋಣ ಅಂತಿದ್ದೆ. ತಪ್ಪಾಯ್ತು. ದೊಡ್ಡ ತಪ್ಪು."

ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಮೂರು ದಿನ ಆ ಮನುಷ್ಯ ಎಂಥ ಭಯವನ್ನು ಒಬ್ಬನೇ ನುಂಗಿಕೊಂಡಿದ್ದಿರಬೇಕು! ನಾನು ಹಲ್ಲು ನೋಡುತ್ತ ಕೂತಿದ್ದೆ.

"ನಿಮ್ಮ ಕಾಲು ತಪ್ಪಿಲ್ಲ ಸ್ವಾಮಿ," ಎಂದರು ದೊಡ್ಡಮ್ಮ ಮೆಲ್ಲಗೆ. "ನೀವು ಒತ್ತಿದ ಜಾಗದಲ್ಲೇ ಬ್ರೇಕ್ ಇತ್ತು, ಇಷ್ಟು ವರ್ಷವೂ. ಅದನ್ನ ಅಲ್ಲಿಂದ ಎತ್ತಿದ್ದು ಇವರು. ಮರೆತಿದ್ದು ನೀವಲ್ಲ."

ಮಗಳು ಅಪ್ಪನ ತೋಳು ಹಿಡಿದಳು. ಇಬ್ಬರೂ ಅಳುತ್ತಿದ್ದರು, ಯಾರು ಯಾರಿಗೆ ಸಮಾಧಾನ ಹೇಳುತ್ತಿದ್ದರೋ ತಿಳಿಯುವಂತಿರಲಿಲ್ಲ. ಅಳಿಯ ಮೇಜಿನ ಮೇಲಿನ ಕಾಗದವನ್ನು ತಾನಾಗಿಯೇ ಮಡಿಸಿ ಜೇಬಿಗಿಟ್ಟುಕೊಂಡ. ಅವನಲ್ಲೂ ಅಷ್ಟು ಮರ್ಯಾದೆ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಮೆಕ್ಯಾನಿಕ್ ಹತ್ತಿರ ಬಂದ. "ಕೊಕ್ಕು ನೇರ ಮಾಡ್ತೀನಿ ಯಜಮಾನ್ರೇ. ಹಂಗೇ ಪೆಡಲನ್ನೂ ಮೊದಲಿದ್ದ ಹಾಗೆ ಕೂರಿಸಿಬಿಡ್ತೀನಿ, ನಾಳೇನೇ."

ಯಜಮಾನರು ಗಿಣಿಯ ಬೆನ್ನ ಮೇಲೆ ಕೈಯಾಡಿಸಿದರು.

"ಬೇಡ," ಎಂದರು. "ಈಗಿರೋ ಹಾಗೇ ಇರಲಿ. ಅದು ನನ್ನ ಮಗಳ ಕಾಲಿಗೆ ಸರಿಯಾಗಿದೆ."