ಜೋಡಿಯಾಗಿ ಹತ್ತಬೇಕಿದ್ದ ಕೋಟೆ

"ಹೆಸರೇನವ್ವಾ ನಿನ್ ಗಂಡಂದು?"

ಕೋಟೆ ಬಾಗಿಲ ಮುಂದೆ ಸೀತಾಫಲದ ಬುಟ್ಟಿ ಇಟ್ಟುಕೊಂಡಿದ್ದ ಯಲ್ಲಕ್ಕ ಮೂರನೇ ಸಲ ಕೇಳಿದಳು. ಸರ್ವಮಂಗಳೆಗೆ ಅಳು, ಕೋಪ ಎರಡೂ ಒಟ್ಟಿಗೇ ಬಂದವು.

"ಗಂಡನ ಹೆಸರು ಬಾಯಾಗೆ ಹೇಳ್ತಾರೇನಕ್ಕ? ಹತ್ತಿ ಮಂಡಿಯಾಗೆ ಗುಮಾಸ್ತರು. ತೆಳ್ಳಗೆ, ಉದ್ದಕೆ ಅವ್ರೆ..."

"ಅಂಥೋರು ಈ ದುರ್ಗದಾಗೆ ಇಪ್ಪತ್ ಜನ ಅವ್ರೆ! ಹೆಸರು ಹೇಳದಿದ್ರೆ ಯಾರನ್ನಂತ ಹುಡುಕ್ಲಿ?"

ಸರ್ವಮಂಗಳೆ ತುಟಿ ಕಚ್ಚಿಕೊಂಡಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ನೂರು ಸಲ ಹೇಳಿದ್ದಳು. ಗಂಡ ಎಷ್ಟೇ ಕೈಕೊಟ್ಟರೂ ಅವನ ಆಯಸ್ಸಿಗೆ ಕೈಹಾಕಲು ಇವಳಿಗೆ ಮನಸ್ಸಿರಲಿಲ್ಲ!

ಮೋಟಾರು ಇನ್ನೂ ಆ ಕಡೆ ಸುಳಿಯದ, ಮೈಸೂರು ಮಹಾರಾಜರ ಕಾಲ ಅದು. ಮದುವೆಯಾಗಿ ವರ್ಷವಾದರೂ ಅವಳಿನ್ನೂ ಗಂಡನ ಮನೆ ಸೇರಿರಲಿಲ್ಲ. ಅವಳು ಹೊಸದುರ್ಗದ ತವರಿನಲ್ಲಿ, ಅವನು ಚಿತ್ರದುರ್ಗದ ಮಂಡಿಯಲ್ಲಿ. "ಪೇಟೆ ಗುಮಾಸ್ತಂಗೆ ಇವಳೆಲ್ಲಿ ಹಿಡಿಸ್ತಾಳೆ" ಎಂದು ಓಣಿಯ ಹೆಂಗಸರು ಆಡಿಕೊಂಡಿದ್ದೂ ಅವಳ ಕಿವಿಗೆ ಬಿದ್ದಿತ್ತು. ಅಂಥದ್ದರಲ್ಲಿ ಅವನ ಕಾಗದ ಬಂತು. 'ಸೋಮವಾರ ದುರ್ಗಕ್ಕೆ ಬಾ. ಕೋಟೆ ನೋಡಿಕೊಂಡು ನಮ್ಮ ಮನೆಗೆ ಹೋಗೋಣ.'

ದೊಡ್ಡಪ್ಪ ಮುರುಗೇಶಪ್ಪ ಕೊಬ್ಬರಿ ಗಾಡಿಯಲ್ಲಿ ಕರೆತಂದು, ಬೆಳಿಗ್ಗೆಯೇ ಕೋಟೆ ಬಾಗಿಲಲ್ಲಿ ಇಳಿಸಿದ್ದರು. "ಅಳಿಯಂದ್ರು ಈಗ ಬರ್ತಾರೆ. ಸಂಜೆ ಗಾಡಿ ಕಟ್ಟೋ ಮುಂಚೆ ಇಬ್ರೂ ಪೇಟೆಗೆ ಬಂದು ಹೇಳಿ ಹೋಗ್ರವ್ವ" ಎಂದು ಅವಸರದಲ್ಲಿ ಹೊರಟಿದ್ದರು.

ಹೊತ್ತು ಏರಿತು. ಅಳಿಯಂದಿರ ಸುಳಿವೇ ಇಲ್ಲ.

'ಓಣಿಯೋರು ಹೇಳಿದ್ದೇ ನಿಜ... ಆಗಲಿ! ಅವರು ಬರದಿದ್ದರೆ ಸಂಜೆ ಅದೇ ಗಾಡಿ ಹತ್ತುತ್ತೇನೆ. ಆಮೇಲೆ ಬಂದು ಕಾಲು ಹಿಡಿದರೂ ಈ ಊರಿಗೆ ಬರಲ್ಲ!'

ಯಲ್ಲಕ್ಕನ ಹತ್ತಿರ ಎರಡು ಸೀತಾಫಲ ತೆಗೆದುಕೊಂಡು, ಸೆರಗು ಬಿಗಿದು, ಒಬ್ಬಳೇ ಕೋಟೆ ಹತ್ತಿದಳು. ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಕಲ್ಲಿನ ಮೇಲೆ ಎರಡು ಸಲ ಕಾಲು ಜಾರಿತು. ಜಾರಿದಾಗಲೆಲ್ಲ ಗಂಡನಿಗೆ ಬೈಗುಳ ಬಿತ್ತು.

ಅಕ್ಕ ತಂಗಿಯರ ಹೊಂಡದ ಹತ್ತಿರ ಬಂದಾಗ ಮಾತ್ರ ಕೋಪ ಮರೆತೇ ಹೋಯಿತು. ಬಂಡೆಗಳ ನಡುವೆ ಅಷ್ಟೊಂದು ನೀರು!

"ಅಯ್ಯೋ, ಇಲ್ಲಿ ನೋಡ್ರಿ..." ಎಂದು ಸಂಭ್ರಮದಿಂದ ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ನಿಂತಿದ್ದು ಒಂದು ಮೇಕೆ.

ಅವಳು ಅಲ್ಲೇ ಕುಳಿತು, ಅಳುತ್ತಳುತ್ತಲೇ ಎರಡೂ ಸೀತಾಫಲ ತಿಂದು ಮುಗಿಸಿದಳು.

ಮಧ್ಯಾಹ್ನ ಕೆಳಗಿಳಿದು ಬರುವಾಗ ದಾರಿಯಲ್ಲಿ ಮಠ ಸಿಕ್ಕಿತು. ಊಟದ ಗಂಟೆ ಬಾರಿಸುತ್ತಿತ್ತು. ಹಸಿವಿಗೆ ಕಾಲು ತಾನಾಗಿ ನಿಂತಿತು. ಆದರೆ ಹೊಸದಾಗಿ ಮದುವೆಯಾದವರು ಜೋಡಿಯಾಗಿಯೇ ಮಠದ ಹೊಸ್ತಿಲು ದಾಟಬೇಕು, ಒಬ್ಬರೇ ಹೋಗಬಾರದು ಎಂಬುದು ಅವಳ ತವರಿನ ಪದ್ಧತಿ.

'ಜೋಡಿ ಎಲ್ಲಿದೆ ನನಗೆ?'

ಮುಖ ತಿರುಗಿಸಿ ಪೇಟೆಗೆ ನಡೆದಳು. ಮಂಡಕ್ಕಿ ತಿಂದಳು. ಬಿಸಿ ಮೆಣಸಿನಕಾಯಿ ಬೋಂಡ ನಾಲ್ಕು ತಿಂದಳು. ಕಣ್ಣಲ್ಲಿ ನೀರು ಬಂದರೆ ಖಾರದ ಮೇಲೆ ಹಾಕಬಹುದಲ್ಲ!

ಹೊತ್ತು ಇಳಿಯಿತು. ದೊಡ್ಡಪ್ಪ ಗಾಡಿಗೆ ಎತ್ತು ಕಟ್ಟುತ್ತಿದ್ದರು.

"ಅಳಿಯಂದ್ರು ಎಲ್ಲವ್ವಾ?"

"ಬರಲಿಲ್ಲ ದೊಡ್ಡಪ್ಪ. ನಡೀರಿ, ಊರಿಗೆ ಹೋಗಾಣ."

ಗಾಡಿಗೆ ಕಾಲಿಡುತ್ತಿದ್ದವಳು ಹಾಗೇ ನಿಂತಳು. ಬೀದಿಯ ಆ ತುದಿಯಲ್ಲಿ ತೆಳ್ಳಗೆ, ಉದ್ದಕ್ಕೆ ಒಬ್ಬ... ಕಂಡ ಕಂಡವರನ್ನು ತಡೆದು ಏನೋ ಕೇಳುತ್ತಾ, ಬೆನ್ನು ತಿರುಗಿಸಿ ಹೋಗುತ್ತಿದ್ದಾನೆ. ಅವರೇ!

"ಏನ್ರೀ!"

ಪೇಟೆಯಲ್ಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು, ಇವಳ ಗಂಡನೊಬ್ಬನನ್ನು ಬಿಟ್ಟು! ವರ್ಷದಿಂದ ಒಬ್ಬನೇ ಇದ್ದವನಿಗೆ 'ಏನ್ರೀ' ಎಂದರೆ ತಾನೇ ಎಂದು ಹೇಗೆ ತಿಳಿಯಬೇಕು?

ಅವನು ಇನ್ನೇನು ಮೂಲೆ ತಿರುಗುತ್ತಾನೆ. 'ಈಗ ಹೋದರೆ ಹೋದಂತೆಯೇ...'

"ಪಂಚಾಕ್ಷರಪ್ಪಾ...!"

ದೊಡ್ಡಪ್ಪ ಕಿವಿ ಮುಚ್ಚಿಕೊಂಡರು. ಅವನು ತಿರುಗಿದ, ಓಡಿ ಬಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಹೆಸರು ಹೇಳ್ಬಿಟ್ಟೆ... ನಿಮ್ಮ ಆಯಸ್ಸು..."

"ಬೆಳಗಿಂದ ಉಪವಾಸ ಇದ್ದೇ ಸಾಯ್ಲಿಲ್ಲ, ಹೆಸರು ಕರೆದ್ರೆ ಸಾಯ್ತೀನಾ? ಎಲ್ಲೋಗಿದ್ದೆ? ಮಠದಾಗೆ ಕಾದು ಕಾದು ಸಾಕಾತು!"

"ಮಠದಾಗಾ?"

"ಹೊಸ ಸೊಸೆ ಮೊದ್ಲು ಬರೋದು ಗುರುಗಳ ಪಾದಕ್ಕೇ ಅಲ್ವಾ? ನಮ್ಮನೇಲಿ ಹಂಗೇ. ಅದನ್ನೂ ಕಾಗದದಾಗೆ ಬರೀಬೇಕಾ?"

"ಬರೀಬೇಕು! ನಮ್ಮನೇಲಿ ಹೊಸಬ್ರು ಒಬ್ಬೊಬ್ರೇ ಮಠಕ್ಕೆ ಹೋಗಂಗಿಲ್ಲ. ಬಾಗ್ಲ ಮುಂದೇ ಹಾದು ಬಂದೆ ಗೊತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಥ ದಿನ ಹಾಳಾಗಿ ಹೋಯಿತು!

"ಗಂಟೆ ಬಾರಿಸಿದ್ರಲ್ಲ, ಉಣ್ಲಿಲ್ವಾ?" ಅವಳು ಮೆಲ್ಲಗೆ ಕೇಳಿದಳು.

"ನೀ ಬರದೆ ಹೆಂಗ್ ಉಣ್ಲಿ?"

ಅವಳ ಮುಖ ಬಾಡಿತು. "ನಾನು... ತಿಂದ್ಬಿಟ್ಟೆ. ಎರಡು ಸೀತಾಫಲ, ಮಂಡಕ್ಕಿ, ನಾಕು ಬೋಂಡ..."

ಅವನು ಜೋರಾಗಿ ನಕ್ಕ. "ಪುಣ್ಯಾತ್ಗಿತ್ತಿ! ಕೋಟೆನಾದ್ರೂ ಬಿಟ್ಟಿದೀಯಾ?"

"ಅದನ್ನೂ ನೋಡ್ಬಿಟ್ಟೆ."

ಅವನ ನಗು ನಿಂತಿತು.

"ವರ್ಷದಿಂದ ದಿನಾ ಅದರ ಕೆಳಗೇ ಓಡಾಡ್ತೀನಿ, ಮಂಗಳಾ. ನೀ ಬಂದ ಮೇಲೆ ಜೊತೆಗೇ ಹತ್ತಾಣ ಅಂತ ಒಂದ್ ಸಲನೂ ಹತ್ತಿಲ್ಲ."

ಬೆಳಗಿನಿಂದ ಅವನಿಗೆ ಹಾಕಿದ ಶಾಪವನ್ನೆಲ್ಲ ಅವಳು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ಪ್ರೀತಿಸುವವನನ್ನು ಬಿಟ್ಟು ಹೊರಟಿದ್ದೆನಲ್ಲ!

"ದೊಡ್ಡಪ್ಪ, ಗಾಡಿ ಹೊಡೀರಿ. ನಾನು ಬರಲ್ಲ."

ಗಾಡಿ ಹೊರಟಿತು. ಕಣ್ಣೊರೆಸಿಕೊಂಡು ಅವಳೆಂದಳು, "ಮೊದ್ಲು ಉಣ್ಣಾಕೆ ನಡೀರಿ. ನಾಳೆ ಕೋಟೆ ಹತ್ತಾಣ. ನಾನು ಮುಂದೆ, ನೀವು ಹಿಂದೆ. ಕಲ್ಲು ಎಲ್ಲಿ ಜಾರ್ತತೆ ಅಂತ ನಂಗೊತ್ತೈತೆ."

"ನಾನು ಹೆಂಡ್ತಿ ಹಿಂದೆ ನಡೆದ್ರೆ ಮಂಡಿಯೋರು ನಗ್ತಾರೆ."

"ನಿಮ್ಗೆ ಕೋಟೆ ಬೇಕೋ, ಮಂಡಿಯೋರು ಬೇಕೋ?"

"ನೀನು ಬೇಕು," ಎಂದ ಪಂಚಾಕ್ಷರಪ್ಪ.