ಇನ್ನೂ ಒಣಗಿಲ್ಲ, ಮುಟ್ಟಬೇಡಿ

“ಇನ್ನೂ ಒಣಗಿಲ್ಲ, ಮುಟ್ಟಬೇಡಿ!”

ಅವಳು ಹೇಳುವಷ್ಟರಲ್ಲಿ ಅವನು ಮುಟ್ಟಿಯಾಗಿತ್ತು. ಮೇಜಿನ ಮೇಲಿದ್ದ ಹುಲಿಯ ಮುಖವಾಡದ ಕೆನ್ನೆಗೆ ಮೆತ್ತಿದ್ದ ಹಸಿ ಪುಟ್ಟಿಯಲ್ಲಿ ಅವನ ಹೆಬ್ಬೆರಳು ಗುಂಡಗೆ ಇಳಿದಿತ್ತು.

“ಅಯ್ಯೋ, ಹುಲಿಗೆ ಕೆನ್ನೆಗುಳಿ ಬಿತ್ತಲ್ಲ” ಎಂದ ಅವನು, ತಪ್ಪಿಗಿಂತ ಕೆನ್ನೆಗುಳಿಯ ಚಂದಕ್ಕೇ ಬೆರಗಾದವನಂತೆ.

“ಎರಡು ದಿನದ ಕೆಲಸ ರೀ ಅದು. ಏನು ಬೇಕಿತ್ತು? ಹುಲೀನಾ, ಇಲೀನಾ?”

“ಮನುಷ್ಯ. ಇಪ್ಪತ್ಮೂರು.”

ಅವಳು ಆಗ ತಲೆಯೆತ್ತಿ ನೋಡಿದಳು. ಮೊಣಕೈವರೆಗೆ ಕಿಡಿ ಸಿಡಿದ ಕಪ್ಪು ಚುಕ್ಕೆಗಳು. ಎಡ ಹುಬ್ಬನ್ನು ಸೀಳಿದ ಹಳೆಯ ಗಾಯ, ಅದರಿಂದಾಗಿ ಆ ಹುಬ್ಬು ಸದಾ ಏನನ್ನೋ ಕೇಳುತ್ತಿರುವಂತೆ ತುಸು ಮೇಲೆ ನಿಂತಿತ್ತು. ಬೀದಿಯ ಕೊನೆಯ ಫೌಂಡ್ರಿಯವನು ಎಂದು ವಾಸನೆಯೇ ಹೇಳಿತು. ಸುಟ್ಟ ಕಬ್ಬಿಣದ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ.

“ಯಾರ ಮುಖ?”

“ಯಾರದೂ ಅಲ್ಲದ್ದು.”

“ಅಂಥ ಮುಖ ಎಲ್ಲೂ ಇರಲ್ಲ.”

“ಅದಕ್ಕೇ ನಿಮ್ಮ ಹತ್ತಿರ ಬಂದದ್ದು” ಎಂದ ಕುಲುಮೆಯವನು.

ಮೂರು ವಾರಗಳ ಹಿಂದೆ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಬಾನಿ ವಾಲಿತ್ತು. ಮೂವರ ಮುಖ ಬೆಂದುಹೋಗಿತ್ತು. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ತುಟಿಯಿಲ್ಲ, ಮೂರನೆಯವನಿಗೆ ಉಸಿರೇ ಇಲ್ಲ. ಮಾರನೆಯ ದಿನ ಕಂಪನಿ ಬೋರ್ಡಿಗೆ ನೋಟಿಸು ಹಚ್ಚಿತು: ಮೂವರೂ ಮುಖಕವಚ ಧರಿಸಿರಲಿಲ್ಲ, ತಪ್ಪು ಅವರದೇ. ಆ ಕವಚವನ್ನು ಕಂಪನಿ ಯಾವತ್ತೂ ಯಾರಿಗೂ ಕೊಟ್ಟಿರಲಿಲ್ಲ ಎಂಬ ಮಾತಿಗೆ ಮಾತ್ರ ನೋಟಿಸಿನಲ್ಲಿ ಜಾಗ ಸಾಲಲಿಲ್ಲ.

“ಮುಖಕ್ಕೆ ಹಾಕ್ಕೊಂಡಿರಲಿಲ್ಲ ಅಂದ್ರಲ್ಲ, ಹಾಕ್ಕೊಂಡೇ ಹೋಗ್ತೀವಿ” ಎಂದ ಅವನು. “ತಿಂಗಳ ಕೊನೇ ಶನಿವಾರ, ಮೂರು ಗಂಟೆ, ಶಿಫ್ಟ್ ಬದಲಾಗೋ ಹೊತ್ತು. ದೊಡ್ಡ ಗೇಟಿನವರೆಗೆ ನಡೀತೀವಿ, ಅಷ್ಟೇ. ಮೆರವಣಿಗೆಯಲ್ಲಿ ಯಾರ ಮುಖ ಕಾಣತ್ತೋ ಅವರು ಅವತ್ತೇ ಗೇಟ್ ಪಾಸ್ ಕೊಟ್ಟು ಹೋಗಬೇಕು ಅಂತ ಇನ್ನೊಂದು ನೋಟಿಸು ಬಿದ್ದಿದೆ.”

ಮೂಲೆಯಲ್ಲಿ ಕಾಗದ ಮಡಿಸುತ್ತಿದ್ದ ಅತ್ತೆ, ಅವಳ ಅಪ್ಪನ ಅಕ್ಕ, ದಪ್ಪ ಕನ್ನಡಕ ಮೇಲೆತ್ತಿ ಕೇಳಿದಳು: “ಆ ಕ್ಯಾಪ್ಟನ್ ಇದ್ದಾನಲ್ಲಪ್ಪ ಗೇಟಲ್ಲಿ?”

“ಅವನಿಗೇ ಹೆದರಿ ಈ ವೇಷ, ಅತ್ತೆ.”

ಕ್ಯಾಪ್ಟನ್ ಎಂದರೆ ಫೌಂಡ್ರಿಯ ಸೆಕ್ಯುರಿಟಿ ಮುಖ್ಯಸ್ಥ. ಯಾವ ಸೈನ್ಯದಲ್ಲೂ ಇದ್ದವನಲ್ಲ. ಅವನ ಮೀಸೆಯ ಶಿಸ್ತು ನೋಡಿ ಕೆಲಸಗಾರರೇ ಕೊಟ್ಟ ಪದವಿ ಅದು. ಎಂಟುನೂರು ಜನರನ್ನು ಮುಖ ನೋಡಿಯೇ ಗುರುತಿಸುವವನು. ಹೆಸರು ಮಾತ್ರ ಒಬ್ಬರದೂ ತಿಳಿಯದು.

“ಕೂತ್ಕೊಳ್ಳಿ. ಒಂದು ತಲೆಯ ಅಳತೆ ಬೇಕು” ಎಂದು ಅವಳು ಟೇಪು ತೆಗೆದಳು.

ಗದ್ದದಿಂದ ನೆತ್ತಿಗೆ ಒಂಬತ್ತೂಕಾಲು ಇಂಚು. ಕಿವಿಯಿಂದ ಕಿವಿಗೆ ಟೇಪು ಸುತ್ತುವಾಗ ಅವನ ತುಟಿ ಅದುರಿತು.

“ನಗಬೇಡಿ, ಅಳತೆ ತಪ್ಪತ್ತೆ.”

“ಟೇಪು ಕಚಗುಳಿ ಇಡ್ತಿದೆ.”

“ಟೇಪಿಗೇನು ಬೆರಳಿದೆಯಾ?”

“ಹಿಡಿದೋರಿಗಿದೆಯಲ್ಲ.”

ಮೂಲೆಯಿಂದ ಕೆಮ್ಮು ಬಂತು. “ನನಗೆ ಕಣ್ಣು ಮಂಜು ಅಷ್ಟೇ ಕಣ್ರೋ. ಕಿವಿ ಗಟ್ಟಿಯಾಗಿದೆ.”

ಮರುದಿನದಿಂದ ಅವನು ಶಿಫ್ಟ್ ಮುಗಿಸಿ ಶೆಡ್ಡಿಗೇ ಬರತೊಡಗಿದ. ಬೀದಿಯವರು ‘ಮುಖದಕ್ಕ’ ಎಂದು ಕರೆಯುವ ಅವಳ ಶೆಡ್ಡು ಫೌಂಡ್ರಿಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತಿತ್ತು. ಹಿಂದಿನ ಗೋಡೆಗೆ ಕೈಯಿಟ್ಟರೆ ಆಚೆಯ ಯಂತ್ರಗಳ ನಡುಕ ಅಂಗೈಗೆ ಬರುತ್ತಿತ್ತು. ಯಾರೋ ಗೋಡೆಗೆ ಕಿವಿಯಿಟ್ಟು ನಿಂತು ಉಸಿರಾಡುತ್ತಿದ್ದಾರೆ ಎನಿಸುತ್ತಿತ್ತು.

ಮುಖವಾಡದ ನಕ್ಷೆಯನ್ನು ಅಳತೆಗೆ ತಕ್ಕಂತೆ ಹಿಗ್ಗಿಸಿ ಪ್ರಿಂಟ್ ಹಾಕಿದ ದಪ್ಪ ಕಾಗದದ ಹಾಳೆಗಳು. ಗೆರೆಗೆ ಸರಿಯಾಗಿ ಕತ್ತರಿಸಬೇಕು, ಚುಕ್ಕೆಗೆರೆಯ ಮೇಲೆ ಮಡಿಸಬೇಕು, ಅಂಚಿನ ನಂಬರಿಗೆ ನಂಬರು ಕೂಡಿಸಿ ಅಂಟಿಸಬೇಕು.

“ಹದಿನೇಳಕ್ಕೆ ಹದಿನೇಳೇ ಹತ್ತಬೇಕಪ್ಪ” ಎಂದು ಅತ್ತೆ ಅವನ ಕೈಗೆ ಹೊಡೆಯುತ್ತಿದ್ದಳು. “ನೀನು ಅವಳ ಕಡೆ ನೋಡ್ತಾ ಅಂಟಿಸಿದ್ರೆ ದವಡೆ ಹೋಗಿ ಹಣೆಗೆ ಕೂರತ್ತೆ.”

“ನೋಡ್ತಿಲ್ಲ ಅತ್ತೆ.”

“ನೋಡದೇ ಇರೋನು ಕೆಂಪಗಾಗಲ್ಲ.”

ಕಾಗದದ ಮುಖಗಳು ಮೂಲೆಮೂಲೆಯಾಗಿ, ಭಾವವಿಲ್ಲದೆ ಎದ್ದುನಿಂತವು. ಯಾರದೂ ಅಲ್ಲದ ಮುಖಗಳೇ ಅವು. ಅವಳು ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿ ಬ್ರಷ್ಷಿನಿಂದ ಹಚ್ಚಿದಳು. ಕಾಗದ ಜೇನಿನ ಬಣ್ಣಕ್ಕೆ ತಿರುಗಿ ಕಲ್ಲಾಯಿತು. ಒಳಗಡೆ ಫೈಬರ್ ಬಟ್ಟೆ ಕೂತಿತು. ಆಮೇಲೆ ಪುಟ್ಟಿ. ಮುಖ ಹುಟ್ಟುವುದು ಅಲ್ಲೇ. ಮೂಲೆಗಳನ್ನು ತುಂಬಿ, ಹೆಬ್ಬೆರಳಿನಿಂದ ನೀವಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಹಚ್ಚಿ. ಒಂದೊಂದನ್ನೂ ಮುಗಿಸಿ ಗೋಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದಳು, ಧೂಳು ಕೂರಬಾರದೆಂದು. ಅವನು ಎದುರಿಗೆ ಕೂತು ಮಾತಾಡುತ್ತಿದ್ದ. ಅವಳು ತಲೆ ತಗ್ಗಿಸಿ ನೀವುತ್ತಿದ್ದಳು.

“ಒಂದು ಸಲವಾದ್ರೂ ನನ್ನ ಮುಖ ನೋಡಿ ಮಾತಾಡಬಾರದಾ?”

“ಅಳತೆ ತಗೊಂಡಾಯ್ತಲ್ಲ. ಇನ್ನೇನು ನೋಡೋದು?”

ಹದಿನೆಂಟನೆಯ ಮುಖ ಮುಗಿದ ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ಕ್ಯಾಪ್ಟನ್.

“ಮೊಮ್ಮಗಳಿಗೆ ಒಂದು ಮೊಲದ ಮುಖವಾಡ ಬೇಕಿತ್ತಮ್ಮ.” ಕೇಳದೆಯೇ ಒಳಬಂದವನು ಗೋಡೆಗೆ ಮುಖಮಾಡಿ ನಿಂತ ಸಾಲನ್ನು ನೋಡಿದ. “ಏನಿದು, ನಾಟಕನಾ?”

“ಹೌದು. ನಾಟಕ.”

“ಎಲ್ಲಾರದೂ ಒಂದೇ ಪಾತ್ರ?”

“ಗುಂಪಿನ ಸೀನು.”

ಅವನು ಒಂದನ್ನೆತ್ತಿ ತಿರುಗಿಸಿದ. ಜೇನುಬಣ್ಣದ ರೆಸಿನ್, ಅದರ ಮೇಲೆ ತೇಪೆತೇಪೆಯಾಗಿ ಗುಲಾಬಿ ಪುಟ್ಟಿ. ಆ ಬಣ್ಣಗಳ ಗೊಂದಲದಲ್ಲಿ ಆಕಾರ ಯಾರಿಗೂ ಕಾಣದು. ಆದರೆ ಕ್ಯಾಪ್ಟನ್ ಕಣ್ಣುಮುಚ್ಚಿ, ಅದರ ದವಡೆಯ ಉದ್ದಕ್ಕೂ ಬೆರಳಾಡಿಸಿದ.

“ಯಾರೋ ಗೊತ್ತಿರೋರ ಗದ್ದ ಹಿಡಿದ ಹಾಗಾಗತ್ತಲ್ಲ” ಎಂದ ಮೆಲ್ಲಗೆ. ಕೆಳಗಿಟ್ಟ. ಹಿಂಗೋಡೆಯನ್ನು ಗೆಣ್ಣಿನಿಂದ ಎರಡು ಸಲ ಬಡಿದ. “ಈ ಗೋಡೆ ನಮ್ದೇ ಅಲ್ವಾ? ಮೊಲಕ್ಕೆ ಅವಸರ ಇಲ್ಲಮ್ಮ. ನಾನೆಲ್ಲೂ ಹೋಗಲ್ಲ.”

ಶನಿವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಅವಳು ಇಪ್ಪತ್ಮೂರನ್ನೂ ಹಗ್ಗಕ್ಕೆ ತೂಗುಹಾಕಿ ಬಣ್ಣಕ್ಕೆ ಮುಂಚಿನ ಬೂದು ಪ್ರೈಮರ್ ಸಿಂಪಡಿಸಿದಳು. ಗುಲಾಬಿ ಹೋಯಿತು, ಜೇನು ಹೋಯಿತು. ಎಲ್ಲವೂ ಒಂದೇ ಬಣ್ಣವಾಯಿತು. ಬಣ್ಣ ಒಂದಾದಾಗಲೇ ಆಕಾರ ಎದ್ದು ಬರುವುದು.

ಅವಳ ಕೈಯಿಂದ ಸ್ಪ್ರೇ ಡಬ್ಬ ಜಾರಿತು.

ಇಪ್ಪತ್ಮೂರು ಎಡ ಹುಬ್ಬುಗಳು ಏನನ್ನೋ ಕೇಳುತ್ತಾ ಮೇಲೆ ನಿಂತಿದ್ದವು. ಇಪ್ಪತ್ಮೂರು ಮೂಗುಗಳು ತುಸುವೇ ಬಲಕ್ಕೆ ವಾಲಿದ್ದವು. ನಗು ತಡೆದಾಗ ಬಿಗಿಯುವ ಆ ದವಡೆ. ಕಾಗದದಲ್ಲಿ ಇದಾವುದೂ ಇರಲಿಲ್ಲ. ಎಲ್ಲವೂ ಹೆಬ್ಬೆರಳಿನಿಂದ ಬಂದದ್ದು.

ಅವನು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಯಾರದೂ ಅಲ್ಲದ ಮುಖ ಕೇಳಿದ್ದೆ.”

“ಗೊತ್ತು.”

“ಇದು ನಾನು.”

“ಗೊತ್ತು ಅಂದೆನಲ್ಲ!”

ಅವನು ಹಗ್ಗದ ಉದ್ದಕ್ಕೂ, ತನ್ನ ಎದುರು ತಾನೇ ಹಾಯ್ದುಹೋಗುವವನಂತೆ ನಡೆದ. ಕೊನೆಯದರ ಮುಂದೆ ನಿಂತ. “ನನ್ನ ಮೂಗು ಇಷ್ಟು ಚೆನ್ನಾಗಿಲ್ಲ.”

“ಇದೆ.” ಅವಳು ಜಾರಿದ ಡಬ್ಬ ಎತ್ತಿಕೊಂಡಳು. “ನಿನ್ನ ನೋಡಿ ಮಾಡಿದ್ದಲ್ಲ. ನೋಡದೇನೇ ಬಂದದ್ದು.”

‘ನೀವು’ ಎಲ್ಲಿ ಬಿದ್ದುಹೋಯಿತೆಂದು ಇಬ್ಬರೂ ಹುಡುಕಲಿಲ್ಲ. ಅವನ ಕಿವಿ ಕೆಂಪಾಯಿತು. ಅವನ ಕಣ್ಣಲ್ಲಿ ಸಂತೋಷ ಬಂದ ಹಿಂದೆಯೇ ಭಯವೂ ಬಂತು.

ಅತ್ತೆ ಮೂಲೆಯಿಂದ ತಡವರಿಸುತ್ತಾ ಎದ್ದುಬಂದಳು. “ಹೋದ ವಾರವೇ ನನ್ನ ಬೆರಳಿಗೆ ಗೊತ್ತಾಗಿತ್ತು ಕಣೇ. ಒಳ್ಳೇ ಗುಟ್ಟು ಅಂದ್ಕೊಂಡು ಬಾಯಿ ಮುಚ್ಕೊಂಡೆ. ನನ್ನ ಬಾಯಿಗಿಷ್ಟು...”

“ಆ ಕ್ಯಾಪ್ಟನ್‌ಗೂ ಬೆರಳಿದೆ ಅತ್ತೆ” ಎಂದಳು ಅವಳು. ಗೋಡೆ ನಡುಗುತ್ತಿತ್ತು.

ಆರು ಗಂಟೆಯ ಅವಧಿ. ಅವಳು ಪುಟ್ಟಿಯ ಡಬ್ಬ ಒಡೆದಳು. ಹಾರ್ಡನರ್ ಎರಡರಷ್ಟು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಸುಡುತ್ತದೆ, ಬಿರುಕು ಬಿಟ್ಟರೂ ಬಿಡಬಹುದು. ಬಿಡಲಿ. ಒಂದರ ಹುಬ್ಬು ತುಂಬಿದಳು, ಇನ್ನೊಂದರ ಮೂಗು ದಪ್ಪ ಮಾಡಿದಳು, ಮತ್ತೊಂದಕ್ಕೆ ಇಳಿಬಿದ್ದ ಕೆನ್ನೆ. ಪ್ರೀತಿಯಿಂದ ಬಂದದ್ದನ್ನೆಲ್ಲ ಅದೇ ಹೆಬ್ಬೆರಳಿನಿಂದ ಅಳಿಸಿದಳು. ಅವನು ಕಲಸಿ ಕಲಸಿ ಕೊಟ್ಟ. ಅತ್ತೆ ಬಿಳಿ ಬಳಿದಳು.

“ಒಬ್ಬ ಬರಲ್ಲ ಅಂತ ಹೇಳಿ ಕಳಿಸಿದ್ದಾನೆ” ಎಂದ ಅವನು ಮಧ್ಯದಲ್ಲಿ. “ಹೆಂಡತಿಗೆ ಏಳು ತಿಂಗಳು. ತಪ್ಪೇನಿಲ್ಲ. ಇಪ್ಪತ್ತೆರಡು ಸಾಕು.”

ಇಪ್ಪತ್ತೆರಡು ಮುಗಿದವು. ಕೊನೆಯದರ ಆಕಾರವನ್ನು ಅವಳು ಬದಲಿಸಲಿಲ್ಲ. ಅದಕ್ಕೂ ಬಿಳಿ ಬಳಿದು, ಒಳಗೆ ಹಣೆಯ ಜಾಗಕ್ಕೆ ಸ್ಪಂಜು ಒತ್ತಿದಳು.

“ಇದನ್ನ ಒಡೆದು ಹಾಕೋಣ” ಎಂದ ಅವನು.

“ಬೇಡ. ಆ ಕ್ಯಾಪ್ಟನ್ ಈ ಮುಖ ಹುಡುಕ್ತಾನೆ. ಸಿಗದೇ ಹೋದ್ರೆ ಒಂದೊಂದಾಗಿ ಎಲ್ಲಾರದೂ ಎತ್ತಿ ನೋಡ್ತಾನೆ. ಸಿಕ್ಕಿಬಿಟ್ರೆ ಅಲ್ಲಿಗೇ ನಿಲ್ತಾನೆ.”

“ಯಾರು ಹಾಕ್ಕೊಳ್ಳೋದು?” ಕೇಳುವಷ್ಟರಲ್ಲೇ ಅವನಿಗೆ ಸ್ಪಂಜಿನ ಅರ್ಥ ಹೊಳೆಯಿತು, ಅದು ಅವಳ ಚಿಕ್ಕ ತಲೆಗೆ ಮುಖವಾಡ ಕೂರಲೆಂದು. “ಹುಚ್ಚು ಹಿಡಿದಿದೆಯಾ ನಿನಗೆ?”

“ನನ್ನ ಹತ್ರ ಗೇಟ್ ಪಾಸೇ ಇಲ್ಲ. ಏನು ಕಿತ್ಕೊಳ್ತಾನೆ?”

“ಏನಾದ್ರೂ ಕಿತ್ಕೊಳ್ತಾನೆ. ಅವನಿಗೆ ಅದೇ ಕೆಲಸ.”

“ನನ್ನ ಬೆರಳು ಮಾಡಿದ ತಪ್ಪು ಇದು. ನಿನ್ನ ಮುಖ ಒಂದು ದಿನ ನನಗೆ ಕೊಟ್ರೆ ನಿನಗೇನು ಕಮ್ಮಿಯಾಗತ್ತೆ?” ನಗಿಸಲು ನೋಡಿದಳು, ಅವನು ನಗಲಿಲ್ಲ. “ಆಣೆ ಮಾಡು. ಏನೇ ಆಗಲಿ, ನೀನು ಮುಖವಾಡ ತೆಗೆಯಬಾರದು.”

ಅವನು ಪುಟ್ಟಿ ಮೆತ್ತಿದ ಕೈಯಿಂದಲೇ ಅವಳ ಕೆನ್ನೆ ಮುಟ್ಟಿದ. ತಾನು ಹಾಕಿಕೊಳ್ಳಬೇಕಿದ್ದ ಇಪ್ಪತ್ತೆರಡನೆಯದನ್ನು ಎತ್ತಿಕೊಳ್ಳುವಾಗ ಅವನ ಹೆಬ್ಬೆರಳು ಅದರ ಹಸಿ ಕೆನ್ನೆಯಲ್ಲಿ ಇಳಿಯಿತು.

“ಮತ್ತೆ ಕೆನ್ನೆಗುಳಿ” ಎಂದಳು ಅವಳು. ಸರಿಪಡಿಸಲು ಹೊತ್ತಿರಲಿಲ್ಲ.

ಮೂರಕ್ಕೆ ಸೈರನ್ ಕೂಗಿತು. ಶಿಫ್ಟ್ ಬಿಟ್ಟ ನೂರಾರು ಜನ ಹೊರಬಂದು, ಬಿಳಿ ಮುಖಗಳ ಸಾಲನ್ನು ಕಂಡು ರಸ್ತೆಯಂಚಿಗೆ ಸರಿದು ನಿಂತರು. ಘೋಷಣೆಯಿಲ್ಲ, ಬ್ಯಾನರಿಲ್ಲ. ಬೂಟಿನ ಸದ್ದಷ್ಟೇ ಕೇಳುತ್ತಿತ್ತು. ಮುಖವಾಡದೊಳಗೆ ಅವಳ ಉಸಿರೇ ಅವಳಿಗೆ ಬಿಸಿಯಾಗಿ ತಾಗುತ್ತಿತ್ತು. ರೆಸಿನ್ನಿನ ವಾಸನೆಯ ನಡುವೆ ಸುಟ್ಟ ಕಬ್ಬಿಣವೂ ಇದೆ ಎನಿಸಿತು.

ದೊಡ್ಡ ಗೇಟಿನಲ್ಲಿ ಕ್ಯಾಪ್ಟನ್ ಕಾಯುತ್ತಿದ್ದ, ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಒಬ್ಬ. ಕ್ಯಾಪ್ಟನ್ ಸಾಲಿನುದ್ದಕ್ಕೂ ನಿಧಾನವಾಗಿ ಬಂದ. ಒಬ್ಬೊಬ್ಬರ ಎದುರು ನಿಂತು ದಿಟ್ಟಿಸಿದ. ಅವಳ ಎದುರು ಬಂದಾಗ ಅವನ ಮೀಸೆ ಅರಳಿತು.

“ಬಾರಪ್ಪಾ. ಸಿಕ್ಕಿಬಿಟ್ಟೆಯಲ್ಲ.”

ಮುಖವಾಡ ಕಿತ್ತ. ಕ್ಯಾಮೆರಾ ಕ್ಲಿಕ್ ಎಂದಿತು. ಅವಳ ಕೂದಲು ಬಿಚ್ಚಿ ಭುಜಕ್ಕೆ ಬಿತ್ತು.

“ನೀನಾ?” ಅವನ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. “ಯಾವ ಸೆಕ್ಷನ್ ನೀನು?” ಎಂದ, ಅಭ್ಯಾಸಬಲದಿಂದ.

“ಮುಖ ಮಾಡೋ ಸೆಕ್ಷನ್ನು. ಕೆಲಸದಿಂದ ತೆಗೀರಿ ನೋಡೋಣ.”

ರಸ್ತೆಯಂಚಿನಲ್ಲಿ ಯಾರೋ ನಕ್ಕರು. ನಗು ಹರಡಿತು. ಆ ನಗು ನಿಲ್ಲುವವರೆಗೂ ಕ್ಯಾಪ್ಟನ್ ತಾಳ್ಮೆಯಿಂದ ಕಾದ. “ಕೆಲಸದಿಂದ ತೆಗೆಯೋಕಾಗಲ್ಲಮ್ಮ. ಗೋಡೆಯಿಂದ ತೆಗೆಯಬಹುದು. ಸೋಮವಾರ ನಿನ್ನ ಶೆಡ್ಡು ಇರಲ್ಲ.” ಅವಳ ತೋಳು ಹಿಡಿದ.

ನಾಲ್ಕು ಹೆಜ್ಜೆ ಹಿಂದೆ ಒಂದು ಬಿಳಿ ಮುಖ ನಿಂತುಬಿಟ್ಟಿತ್ತು. ಎಡ ಕೆನ್ನೆಯಲ್ಲಿ ಗುಳಿ. ಅವನ ಎರಡೂ ಕೈಗಳು ಮೇಲೇಳುತ್ತಿದ್ದವು, ಗದ್ದದ ಕೆಳಗೆ ಬೆರಳು ತೂರುತ್ತಿದ್ದವು.

ಅವಳು ಅವನತ್ತ ನೋಡದೆ, ಕ್ಯಾಪ್ಟನ್‌ನ ಕೈಯಲ್ಲಿದ್ದ ಮುಖವಾಡದ ಕಡೆ ಬೆರಳು ಮಾಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಇನ್ನೂ ಒಣಗಿಲ್ಲ, ಮುಟ್ಟಬೇಡಿ!”

ಕ್ಯಾಪ್ಟನ್ ಬೆಚ್ಚಿ ಅದನ್ನು ಅಂಚಿನಲ್ಲಿ ಹಿಡಿದ. ನಾಲ್ಕು ಹೆಜ್ಜೆ ಹಿಂದೆ ಎರಡು ಕೈಗಳು ಗಾಳಿಯಲ್ಲೇ ನಿಂತವು. ಆಮೇಲೆ ಇಳಿದವು.

ಗೇಟಿನ ಕೋಣೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಬಾಗಿಲ ಚಿಲಕ ಬಿತ್ತು. ಕ್ಯಾಪ್ಟನ್ ಮುಖವಾಡವನ್ನು ಮೇಜಿನ ಮೇಲೆ ಅವಳಿಗೆದುರಾಗಿ ನಿಲ್ಲಿಸಿದ.

“ಇದು ಯಾರ ಮುಖ ಅಂತ ನಿನ್ನ ಬಾಯಲ್ಲೇ ಹೇಳು.”

ಅವಳು ನೋಡಿದಳು. ಮೂರು ವಾರ ತಲೆ ತಗ್ಗಿಸಿ ಕೂತು ನೋಡದೆ ಬಿಟ್ಟದ್ದನ್ನೆಲ್ಲ ಈಗ ಕಣ್ತುಂಬ ನೋಡಿದಳು. ಆ ಹುಬ್ಬು, ಆ ಮೂಗು, ನಗು ತಡೆದ ಆ ದವಡೆ.

“ಬೆಂದ ಮೂವರದ್ದು” ಎಂದಳು. “ಬೇಯೋಕೆ ಮುಂಚೆ ಹೀಗೇ ಇತ್ತು. ಸರಿಯಾಗಿ ನೋಡಿ.”

ಕ್ಯಾಪ್ಟನ್ ಮುಖವಾಡವನ್ನು ಗೋಡೆಯ ಕಡೆ ತಿರುಗಿಸಿಟ್ಟ. ಫೋನು ತೆಗೆದು ಯಾರಿಗೋ ವ್ಯಾನು ತರಲು ಹೇಳಿದ.

ಸರಳುಗಳಾಚೆ ಬಿಳಿ ಸಾಲು ಗೇಟು ಮುಟ್ಟಿ ಹಿಂತಿರುಗುತ್ತಿತ್ತು. ಅವಳು ಎಣಿಸಿದಳು. ಇಪ್ಪತ್ತು, ಇಪ್ಪತ್ತೊಂದು. ಎಲ್ಲರ ಮುಖದ ಮೇಲೂ ಮುಖವಾಡ ಇತ್ತು. ಇಪ್ಪತ್ತೆರಡನೆಯವನ ಕೆನ್ನೆಯಲ್ಲಿ ಗುಳಿ. ಕಿಟಕಿಯ ಎದುರು ಬಂದಾಗ ಅವನು ತಲೆ ತಿರುಗಿಸಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬೆರಳಿಗೆ ಬೆರಳು ಹೆಣೆದು, ಗೆಣ್ಣು ಬಿಳಿಚುವಂತೆ ಬಿಗಿಹಿಡಿದಿದ್ದ.

ಅವನ ಮುಖವಾಡದ ಗದ್ದದ ಅಂಚಿನಿಂದ ಹನಿಹನಿಯಾಗಿ ನೀರು ಇಳಿಯುತ್ತಿತ್ತು.